ಮರಳಿ ಬರುವ ಕಾಗದ

ರಬ್ಬರ್ ತೋಟದಲ್ಲಿ ಪ್ರತಿ ಮರಕ್ಕೂ ಹಾಲು ಹಿಡಿಯುವ ಬಟ್ಟಲೊಂದು ಕಟ್ಟಿರುತ್ತದೆ. ಟ್ಯಾಪಿಂಗ್ ನಿಲ್ಲಿಸಿದ ದಿನಗಳಲ್ಲಿ ಅದನ್ನು ಕವುಚಿ ಇಡದಿದ್ದರೆ ಮೊದಲ ಮಳೆಗೇ ನೀರು ತುಂಬುತ್ತದೆ, ವಾರ ಹತ್ತು ದಿನಕ್ಕೆ ಅದರಿಂದ ಸೊಳ್ಳೆ ಎದ್ದು ಹಾರುತ್ತದೆ. ಬೈಂದೂರು ತಾಲೂಕಿನ ಜಡ್ಕಲ್, ಮುದೂರು ಊರುಗಳಲ್ಲಿ 2022ರಲ್ಲಿ ಡೆಂಗಿ ಹಬ್ಬಿದಾಗ ಎಲ್ಲರ ಕಣ್ಣು ಹೋದದ್ದು ಈ ಬಟ್ಟಲುಗಳ ಮೇಲೆ. ತೋಟ ಇಲ್ಲದವರ ಹಿತ್ತಿಲಲ್ಲಿ ಗೆರಟೆ, ಅಡಿಕೆ ಹಾಳೆ, ಹಳೆ ಟಯರು ಇದ್ದೇ ಇದ್ದವು.

ಆಫ್ರಿಕಾಕ್ಕೆ ಹೊರಡುವುದಕ್ಕೆ ಏನೇನು ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಎತ್ತುವುದು ಈ ಬಟ್ಟಲಿನ ಮಾತು. ಪಾಸ್‌ಪೋರ್ಟು, ವೀಸಾ, ಟಿಕೆಟು ಎಲ್ಲ ಆಮೇಲೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಆಫ್ರಿಕಾದಲ್ಲಿ ಹಳದಿ ಜ್ವರ ಹರಡುತ್ತದೆ. ಆ ಸೊಳ್ಳೆಯ ಮೂಲವೂ ಆಫ್ರಿಕಾವೇ. ಹಡಗುಗಳ ನೀರಿನ ಪೀಪಾಯಿಗಳಲ್ಲಿ ಕೂತು ಅದು ಜಗತ್ತು ಸುತ್ತಿತು, ನಮ್ಮ ಕರಾವಳಿಗೂ ಬಂತು. ಸೊಳ್ಳೆ ಬಂದಿದೆ, ರೋಗ ಮಾತ್ರ ಇನ್ನೂ ಬಂದಿಲ್ಲ. ಆ ರೋಗದ ವೈರಸ್ಸನ್ನು ನೆತ್ತರಿನಲ್ಲಿ ಹೊತ್ತು ಒಬ್ಬ ಮನುಷ್ಯ ಮಳೆಗಾಲದಲ್ಲಿ ಜಡ್ಕಲ್‌ಗೆ ಬಂದಿಳಿದರೆ ಮುಂದಿನ ಕೆಲಸ ಮಾಡುವುದಕ್ಕೆ ಸೊಳ್ಳೆಗಳು ಸಿದ್ಧವಾಗಿವೆ. ಭಾರತದ ವಿಮಾನ ನಿಲ್ದಾಣಗಳಲ್ಲಿ ಈ ಜ್ವರದ ಲಸಿಕೆ ಹಾಕಿಸಿದ್ದಕ್ಕೆ ಸಾಕ್ಷಿಯಾದ ಹಳದಿ ಕಾರ್ಡನ್ನು ಅಷ್ಟು ಬಿಗಿಯಾಗಿ ಕೇಳುವುದು ಇದೇ ಕಾರಣಕ್ಕೆ. ಆ ಕಾರ್ಡು ಹೋಗುವವನನ್ನು ಕಾಯುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ಮನೆಯಲ್ಲಿ ಉಳಿದವರನ್ನೂ ಕಾಯುತ್ತದೆ.

ನನ್ನ ಪ್ರಯಾಣ ಉಗಾಂಡಾಕ್ಕೆ. ನಂಟರ ಹುಡುಗನೊಬ್ಬ ಕಂಪಾಲಾದಲ್ಲಿ ಕೆಲಸಕ್ಕಿದ್ದ, ಬನ್ನಿ ಬನ್ನಿ ಎಂದು ಬಹಳ ಕಾಲದಿಂದ ಕರೆಯುತ್ತಿದ್ದ. ಸುದ್ದಿ ತಿಳಿದ ಕೂಡಲೇ ನಮ್ಮ ದೊಡ್ಡಮ್ಮ ಜಗಲಿಯಲ್ಲಿ ಕೂತು ಕೇಳಿದ್ದು ಒಂದೇ ಪ್ರಶ್ನೆ: “ಆಫ್ರಿಕಾಕ್ಕಾ? ಎಂತಕ್ಕೆ ಹೋಪುದ್ ಮಾರಾಯಾ, ಜ್ವರ ಹಿಡಿಸ್ಕಂಡ್ ಬಪ್ಪುಕಾ?” ಅವರ ಮಾತನ್ನು ಆಗ ಹೆದರಿಕೆ ಎಂದುಕೊಂಡೆ. ಸಿದ್ಧತೆ ಮುಗಿಯುವ ಹೊತ್ತಿಗೆ ತಿಳಿಯಿತು, ಸರಿಯಾದ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಉಳಿದವರೆಲ್ಲ ಹೋಗುವುದು ಹೇಗೆ ಎಂದು ಕೇಳಿದ್ದರು.

ಪಾಸ್‌ಪೋರ್ಟಿನ ಕೆಲಸ ಈಗ ಹಿಂದಿನಷ್ಟು ಕಷ್ಟದ್ದಲ್ಲ. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳನ್ನು ಪ್ರಯೋಗಕ್ಕೆಂದು ತೆರೆದಾಗ ಮೊದಲ ಸಾಲಿನಲ್ಲೇ ಬೆಂಗಳೂರಿನ ಜೊತೆಗೆ ಮಂಗಳೂರು, ಹುಬ್ಬಳ್ಳಿ ಇದ್ದವು. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೊಡುವ ಪದ್ಧತಿ ಶುರುವಾದಾಗಲೂ ಮೊದಲ ಸಾಲಿನಲ್ಲಿ ಮೈಸೂರು ಇತ್ತು. ಈಗ ಕುಂದಾಪುರ, ಬ್ರಹ್ಮಾವರದವರಿಗೆ ಉಡುಪಿಯಲ್ಲೇ ಆಗುತ್ತದೆ. 36 ಪುಟದ ಪುಸ್ತಕಕ್ಕೆ 1500 ರೂಪಾಯಿ, ತತ್ಕಾಲ್ ಎಂದರೆ ಮೇಲೆ 2000. ಪೊಲೀಸ್ ಠಾಣೆಯಿಂದ ವಿಚಾರಣೆಗೆ ಬರುತ್ತಾರೆ, ಅದೂ ಸುಸೂತ್ರವಾಗಿಯೇ ಮುಗಿಯುತ್ತದೆ.

ಕಷ್ಟ ಬರುವುದು ಹೆಸರಿನಲ್ಲಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಇನಿಶಿಯಲ್ಲು, ಆಧಾರಿನಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಪೂಜಾರಿಯೋ ಶೆಟ್ಟಿಯೋ ಖಾರ್ವಿಯೋ ಸೇರಿಕೊಂಡು ಮೂರನೆಯ ಹೆಸರು. ಪಾಸ್‌ಪೋರ್ಟು ಇನಿಶಿಯಲ್ಲನ್ನು ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಕುಲನಾಮದ ಜಾಗ ಖಾಲಿ ಬಿಟ್ಟು ಒಂದೇ ಹೆಸರಲ್ಲಿ ಪಾಸ್‌ಪೋರ್ಟು ಮಾಡಿಸಿಕೊಂಡವರಿಗೆ 2022ರ ನವೆಂಬರಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾ ಇಲ್ಲ ಎಂದು ಯುಎಇ ಹೇಳಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿದರು. ನಮ್ಮ ಕರಾವಳಿಯವರಿಗೆ ಆಫ್ರಿಕಾದ ದಾರಿ ಬಹಳ ಸಲ ದುಬೈ ಮೇಲೆಯೇ ಹಾಯುವುದರಿಂದ ಇದು ಚಿಕ್ಕ ಮಾತಲ್ಲ. ಮಕ್ಕಳಿಗೆ ಪಾಸ್‌ಪೋರ್ಟು ಮಾಡಿಸುವವರು ಎರಡೂ ಜಾಗ ತುಂಬಿಸುವುದು ಕ್ಷೇಮ. 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನಾಂಕದ ಆಧಾರ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದ ಕಾಲ ಕಾನೂನಿನಲ್ಲೂ ಮುಗಿಯಿತು.

ಈ ನೀಲಿ ಪುಸ್ತಕ ನಮ್ಮ ಹಕ್ಕು ಎಂದು ನಾವು ಈಗ ಸಹಜವಾಗಿ ಅಂದುಕೊಳ್ಳುತ್ತೇವೆ. 1967ರವರೆಗೆ ಹಾಗಿರಲಿಲ್ಲ. ಕೊಡುವುದು ಬಿಡುವುದು ಸರಕಾರದ ಮರ್ಜಿ. ಯಾಕೆ ಕೊಡಲಿಲ್ಲ ಎಂದು ಕೇಳುವುದಕ್ಕೆ ಒಂದು ಕಾಯಿದೆಯೂ ಇರಲಿಲ್ಲ. ಆ ಸ್ಥಿತಿ ಬದಲಾದ ಕತೆಯಲ್ಲಿ ನಮ್ಮ ಜಿಲ್ಲೆಯವರೊಬ್ಬರ ಪಾಲು ದೊಡ್ಡದು, ಅದನ್ನು ನಾವು ಹೇಳಿಕೊಳ್ಳುವುದೇ ಇಲ್ಲ. ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದಾಗ, 1965ರಲ್ಲಿ, ಡಾ. ಎಸ್.ಎಸ್. ಸದಾಶಿವ ರಾವ್ ಎಂಬವರ ಪಾಸ್‌ಪೋರ್ಟಿನ ಮೊಕದ್ದಮೆ ಅವರಿದ್ದ ಪೀಠದ ಮುಂದೆ ಬಂತು. ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಮೂಲಭೂತ ಹಕ್ಕು ಎಂದು ಆ ಪೀಠ ಹೇಳಿತು. ಅಲ್ಲಿಗೆ ನಿಲ್ಲಿಸಲಿಲ್ಲ. ಈ ದೇಶಕ್ಕೆ ಮರಳಿ ಬರುವುದೂ ಹಾಗೆಯೇ ಮೂಲಭೂತ ಹಕ್ಕು ಎಂದು ಬೇರೆಯಾಗಿ ಎತ್ತಿ ಹೇಳಿತು. ಎರಡು ವರ್ಷದ ನಂತರ, 1967ರ ಏಪ್ರಿಲಿನಲ್ಲಿ, ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂಥದೇ ನಿಲುವು ತಳೆಯಿತು. ತೀರ್ಪಿನಲ್ಲಿ ಹೆಗ್ಡೆಯವರ ಮಾತನ್ನು ಉದ್ಧರಿಸಿತು. ಅದೇ ಜೂನಿನಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. ಹೋಗುವ ಹಕ್ಕಿನ ಪಕ್ಕದಲ್ಲಿ ಬರುವ ಹಕ್ಕನ್ನೂ ಇಟ್ಟ ಆ ವಿವೇಕವನ್ನು ನಾನು ತುಂಬ ಗೌರವಿಸುತ್ತೇನೆ. ಆಫ್ರಿಕಾದ ಸಂಗತಿಯಲ್ಲಂತೂ ಎರಡನೆಯದಕ್ಕೇ ತೂಕ ಹೆಚ್ಚು.

ಉಗಾಂಡಾದ ಇತಿಹಾಸ ತಿಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1972ರ ಆಗಸ್ಟಿನಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರೆಲ್ಲ 90 ದಿನದಲ್ಲಿ ದೇಶ ಬಿಡಬೇಕು ಎಂದ. ಕಂಪಾಲಾದ ಕಚೇರಿಗಳ ಮುಂದೆ ಪೌರತ್ವದ ಕಾಗದ ಹಿಡಿದು ಸಾಲು ನಿಂತವರಲ್ಲಿ ಎಷ್ಟೋ ಮಂದಿಗೆ, ಬ್ರಿಟಿಷ್ ಪೌರತ್ವ ಬಿಟ್ಟ ಪತ್ರವನ್ನು ಹಿಂದೆ ಸಕಾಲಕ್ಕೆ ಸಲ್ಲಿಸಿರಲಿಲ್ಲ ಎಂಬ ಕಾರಣಕ್ಕೆ ನೀವು ಉಗಾಂಡಾದವರೇ ಅಲ್ಲ ಎಂಬ ಉತ್ತರ ಸಿಕ್ಕಿತು. ಒಂದೇ ಮನೆಯಲ್ಲಿ ಗಂಡನದು ಒಂದು ದೇಶದ ಪಾಸ್‌ಪೋರ್ಟು, ಹೆಂಡತಿಯದು ಇನ್ನೊಂದು ದೇಶದ್ದು. ಅದಕ್ಕೂ ನಾಲ್ಕು ವರ್ಷ ಮೊದಲು ಕೀನ್ಯಾದ ಏಷ್ಯನ್ನರು ಬ್ರಿಟಿಷ್ ಪಾಸ್‌ಪೋರ್ಟು ಹಿಡಿದು ಬ್ರಿಟನ್ನಿಗೆ ಹೊರಟಾಗ ಅಲ್ಲಿನ ಸಂಸತ್ತು ಮೂರೇ ದಿನದಲ್ಲಿ ಕಾಯಿದೆ ಮಾಡಿ ಬಾಗಿಲು ಕಿರಿದು ಮಾಡಿತ್ತು. ಕೈಯಲ್ಲಿ ಪುಸ್ತಕ ಇದ್ದರೂ ಒಳಗೆ ಬಿಡುವ ದೇಶ ಇಲ್ಲ! ಕಂಪಾಲಾದಲ್ಲಿ ಹಳೆಯ ಅಂಗಡಿ ಬೀದಿಗಳನ್ನು ತೋರಿಸುತ್ತ ನಂಟರ ಹುಡುಗ ಇಲ್ಲಿ ಗುಜರಾತಿಗಳಿದ್ದರು, ಇಲ್ಲಿ ಗೋವಾದವರಿದ್ದರು ಎನ್ನುತ್ತಿದ್ದರೆ ನನ್ನ ಕೈ ತಾನಾಗಿ ಜೇಬಿನ ಪಾಸ್‌ಪೋರ್ಟಿನ ಮೇಲೆ ಹೋಗುತ್ತಿತ್ತು.

ವೀಸಾದ ಮಾತು ಬೇಗ ಮುಗಿಸಬಹುದು, ಯಾಕೆಂದರೆ ನಿಯಮ ವರ್ಷ ವರ್ಷ ಬದಲಾಗುತ್ತದೆ. ಆಫ್ರಿಕಾ ಎಂದರೆ ಐವತ್ತಕ್ಕೂ ಹೆಚ್ಚು ದೇಶ, ಐವತ್ತಕ್ಕೂ ಹೆಚ್ಚು ಬಾಗಿಲು. ಮಾರಿಷಸ್‌ಗೆ ನಮಗೆ ಮುಂಚಿತ ವೀಸಾ ಬೇಡ. ಕೀನ್ಯಾ 2024ರ ಜನವರಿಯಿಂದ ವೀಸಾವನ್ನೇ ತೆಗೆದು, ಹೊರಡುವ ಮೊದಲು ಆನ್‌ಲೈನಿನಲ್ಲಿ ಪ್ರಯಾಣದ ಅನುಮತಿ ಪಡೆಯುವ ಕ್ರಮ ಮಾಡಿದೆ. ಉಗಾಂಡಾ, ಕೀನ್ಯಾ, ರುವಾಂಡಾ ಮೂರಕ್ಕೂ ಸೇರಿ 90 ದಿನದ ಒಂದು ಪ್ರವಾಸಿ ವೀಸಾ ಇದೆ. ಮೊದಲು ಕಾಲಿಡುವ ದೇಶದ ಮೂಲಕವೇ ಅದಕ್ಕೆ ಅರ್ಜಿ ಹಾಕಬೇಕು. ದಕ್ಷಿಣ ಆಫ್ರಿಕಾ ಬ್ಯಾಂಕಿನ ಲೆಕ್ಕಪತ್ರ ಕೇಳುತ್ತದೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು, ಖಾಲಿ ಪುಟ ಇರಬೇಕು. ಇದು ಹೆಚ್ಚುಕಡಮೆ ಎಲ್ಲ ಕಡೆಗೂ ಅನ್ವಯ. ಉಗಾಂಡಾದ ಅರ್ಜಿಗೆ ಹಳದಿ ಕಾರ್ಡಿನ ಪ್ರತಿಯನ್ನೂ ಜೋಡಿಸಬೇಕಾಗುವುದರಿಂದ ಲಸಿಕೆ ಮೊದಲು, ವೀಸಾ ಆಮೇಲೆ.

ಕರೆದ ಮನೆಯವರ ಆಹ್ವಾನ ಪತ್ರ ಕೇಳಿದಾಗ ನನಗೆ ಇಬ್ನ್ ಬತೂತ ನೆನಪಾದ. 14ನೆಯ ಶತಮಾನದ ಆ ಅಲೆಮಾರಿಯ ಒಂದೇ ಕಥನದಲ್ಲಿ ಆಫ್ರಿಕಾದ ಮೊಗದಿಶು, ಮೊಂಬಾಸ, ಕಿಲ್ವಾಗಳೂ ಇವೆ, ನಮ್ಮ ಬಸ್ರೂರು, ಬಾರ್ಕೂರುಗಳೂ ಇವೆ. ಮೊಗದಿಶುವಿಗೆ ಹಡಗು ಬಂದರೆ ಊರಿನವರು ದೋಣಿಯಲ್ಲಿ ಊಟ ತಂದು ಒಬ್ಬೊಬ್ಬ ವ್ಯಾಪಾರಿಯನ್ನು ಅತಿಥಿಯಾಗಿ ವಹಿಸಿಕೊಳ್ಳುತ್ತಿದ್ದರಂತೆ. ಆ ಆತಿಥೇಯನ ಮೂಲಕವೇ ವ್ಯಾಪಾರವೆಲ್ಲ. ಇಂದಿನ ಆಹ್ವಾನ ಪತ್ರದ ಹಿರಿಯಣ್ಣ ಅದು. ಬಾರ್ಕೂರನ್ನು ಅವನು ಫಾಕನೂರ್ ಎಂದು ಕರೆದು ಕಬ್ಬಿನ ಸಮೃದ್ಧಿ ಹೇಳುತ್ತಾನೆ, ಜೊತೆಗೆ ಇನ್ನೊಂದನ್ನೂ ಹೇಳುತ್ತಾನೆ: ಈ ಬಂದರನ್ನು ಹಾಯುವ ಯಾವ ಹಡಗಾದರೂ ಇಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು, ಕೊಡದೆ ಹೋದರೆ ಬೆನ್ನಟ್ಟಿ ಹಿಡಿಯುತ್ತಾರೆ. ಇಂದು ಬ್ರಹ್ಮಾವರ ತಾಲೂಕಿನ ಶಾಂತವಾದ ಊರಾಗಿರುವ ಬಾರ್ಕೂರು ಅಂದು ತನ್ನದೇ ಸುಂಕ ಎತ್ತುತ್ತಿತ್ತು. ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಾಗ ನನಗೆ ಅವಮಾನ ಅನ್ನಿಸದಿದ್ದುದಕ್ಕೆ ಈ ನೆನಪೂ ಒಂದು ಕಾರಣ. ಬಾಗಿಲಲ್ಲಿ ನಿಲ್ಲಿಸಿ ಕೇಳುವ ಹಕ್ಕು ಪ್ರತಿ ಊರಿಗೂ ಇದೆ.

ಕಾಗದವೇ ಇಲ್ಲದೆ ಸಮುದ್ರ ದಾಟಿದವರೂ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳ ಪೂರ್ವಜರನ್ನು ಆಫ್ರಿಕಾದಿಂದ ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು. ಅವರಿಗೆ ಹೊರಡುವಾಗ ಯಾರೂ ಒಪ್ಪಿಗೆ ಕೇಳಲಿಲ್ಲ, ಮರಳುವ ದಾರಿ ಇರಲೇ ಇಲ್ಲ. ವೀಸಾ ಅರ್ಜಿ ತುಂಬುವುದು ಕಿರಿಕಿರಿ ಎಂದು ಯಾರಾದರೂ ಗೊಣಗಿದರೆ ನಾನು ಈಗ ಸುಮ್ಮನಿರುವುದಿಲ್ಲ.

ಲಸಿಕೆಗೆ ಬೆಂಗಳೂರಿಗೆ ಹೋದೆ. ಹಳದಿ ಜ್ವರದ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ಪಟ್ಟಿ ಆಗಾಗ ಬೆಳೆಯುತ್ತದೆ, ಹೊರಡುವ ಮೊದಲು ನೋಡಿಕೊಂಡರೆ ಹತ್ತಿರದ್ದು ಸಿಗಬಹುದು. ನಾನು ಸಂಜೆ ಕುಂದಾಪುರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿದವನು ಕೆ.ಆರ್. ಸರ್ಕಲ್ ಬಳಿಯ ಪಬ್ಲಿಕ್ ಹೆಲ್ತ್ ಇನ್‌ಸ್ಟಿಟ್ಯೂಟಿಗೆ ಹೋದೆ. ಮೂಲ ಪಾಸ್‌ಪೋರ್ಟು ಇಲ್ಲದಿದ್ದರೆ ಸೂಜಿಯೇ ಇಲ್ಲ, ಯಾಕೆಂದರೆ ಅದರ ನಂಬರೇ ಕಾರ್ಡಿನ ಮೇಲೆ ಬರುವುದು. ನಿಗದಿಯಾದ ದಿನ, ನಿಗದಿಯಾದ ಹೊತ್ತಿಗೇ ಬನ್ನಿ ಎನ್ನುವುದಕ್ಕೂ ಕಾರಣವಿದೆ. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಒಂದು ಸೀಸೆಗೆ ದ್ರವ ಬೆರೆಸಿದರೆ ಹಲವರಿಗೆ ಸಾಕು, ಆದರೆ ಆರು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಹಾಗಾಗಿ ಜನರನ್ನು ಒಟ್ಟು ಸೇರಿಸಿ ಹಾಕುತ್ತಾರೆ. ಇದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಗರ್ಭಿಣಿಯರು, ಒಂಬತ್ತು ತಿಂಗಳೊಳಗಿನ ಶಿಶುಗಳು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು, ಅರವತ್ತು ದಾಟಿದವರು ವೈದ್ಯರ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬೇಕು. ಹಾಕಿಸಿದ ಹತ್ತು ದಿನದ ಮೇಲೆ ಕಾರ್ಡಿಗೆ ಬೆಲೆ ಬರುತ್ತದೆ. ಮೊದಲು ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿತ್ತು. 2016ರ ಜುಲೈ 11ರಿಂದ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು.

ಆ ಸೀಸೆಯ ಹಿಂದಿನ ಕತೆ ನನಗೆ ಬಹಳ ಹಿಡಿಸಿದ್ದು. 1927ರಲ್ಲಿ ಇಂದಿನ ಘಾನಾದಲ್ಲಿ ಅಸಿಬಿ ಎಂಬ ಮನುಷ್ಯನಿಗೆ ಹಳದಿ ಜ್ವರ ಬಂತು. ಅವನ ನೆತ್ತರನ್ನು ವಿಜ್ಞಾನಿಗಳು ರೀಸಸ್ ಕೋತಿಗೆ ಚುಚ್ಚಿದರು. ಆಫ್ರಿಕಾದ ಕೋತಿಗಳಿಗೆ ಆ ವೈರಸ್ ಅಷ್ಟಾಗಿ ತಾಗುತ್ತಿರಲಿಲ್ಲ. ಉತ್ತರ ಭಾರತದ ನೆಲದ ಈ ಕೋತಿ ಮಾತ್ರ ಸತ್ತಿತು. ಅಸಿಬಿ ಗುಣವಾದ, ಸಂಶೋಧನೆಯಲ್ಲಿದ್ದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಅದೇ ಜ್ವರದಿಂದ ತೀರಿಕೊಂಡರು. ಅಸಿಬಿಯ ನೆತ್ತರಿನಿಂದ ಬಂದ ವೈರಸ್ಸನ್ನೇ ಪಳಗಿಸಿ ಮ್ಯಾಕ್ಸ್ ಥೈಲರ್ 17ಡಿ ಲಸಿಕೆ ರೂಪಿಸಿದರು. ಪ್ರಿಟೋರಿಯಾದಲ್ಲಿ ಹುಟ್ಟಿದ ಥೈಲರ್‌ಗೆ 1951ರಲ್ಲಿ ನೊಬೆಲ್ ಬಂತು. ಇಂದಿಗೂ ಜಗತ್ತಿನಲ್ಲಿ ಕೊಡುತ್ತಿರುವುದು ಆ ವೈರಸ್ಸಿನ ಸಂತತಿಯನ್ನೇ. ಆಫ್ರಿಕಾ ನಮಗೆ ಜ್ವರ ಕೊಡುತ್ತದೆ ಎಂದು ಹೆದರುವವರು ಅದರ ಮದ್ದೂ ಒಬ್ಬ ಆಫ್ರಿಕಾದವನ ಮೈಯಿಂದ ಬಂತೆಂಬುದನ್ನು ತಿಳಿದಿರಬೇಕು.

ಭಾರತದ ಕೋತಿ ಆ ವೈರಸ್ಸಿಗೆ ಸೋಲುತ್ತದೆ ಎಂಬುದು ಮೂವತ್ತು ವರ್ಷದ ಮೇಲೆ ನಮ್ಮ ಘಟ್ಟದ ಮೇಲೆ ದೊಡ್ಡ ಭಯವಾಗಿ ಎದ್ದು ನಿಂತಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದವು, ಕಾಡಂಚಿನ ಜನರಿಗೆ ಉರಿಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದವರ ಮನಸ್ಸಿನಲ್ಲಿದ್ದ ಮೊದಲ ಶಂಕೆ, ಹಳದಿ ಜ್ವರ ಕೊನೆಗೂ ಭಾರತಕ್ಕೆ ಬಂದುಬಿಟ್ಟಿತೇ ಎಂಬುದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಹೀಗೆಯೇ ಮಂಗಗಳ ಸಾವಿನಿಂದ ಮುನ್ಸೂಚನೆ ಕೊಡುತ್ತದೆ. ಪರೀಕ್ಷಿಸಿದಾಗ ಅದು ಅದೇ ಕುಟುಂಬದ ಬೇರೊಂದು ವೈರಸ್, ಉಣ್ಣಿಯಿಂದ ಹರಡುವುದು ಎಂದು ತಿಳಿಯಿತು. ಕಾಡಿನ ಹೆಸರೇ ರೋಗಕ್ಕೆ ಬಂತು. ಇಂದಿಗೂ ಮಂಗನ ಕಾಯಿಲೆ ನಮ್ಮನ್ನು ಬಿಟ್ಟಿಲ್ಲ. 2019ರ ಆರಂಭದಲ್ಲಿ ಸಾಗರದ ಅರಳಗೋಡಿನಿಂದ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಬಂದದ್ದು ಎಲ್ಲರಿಗೂ ನೆನಪಿದೆ. ಕೊಡಚಾದ್ರಿಯ ಬುಡದಲ್ಲಿರುವ ಕೊಲ್ಲೂರು, ಜಡ್ಕಲ್ಲುಗಳಲ್ಲಿ ಮಂಗ, ಕಾಡು, ಸೊಳ್ಳೆ ಎಲ್ಲ ಒಟ್ಟಿಗಿವೆ. 1957ರ ಶಂಕೆ ನಿಜವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದವರಿಗೆ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಯ ಮೇಲೆ ಸಿಟ್ಟು ಬರಲಾರದು. ಇನ್ನೊಂದು ಎಚ್ಚರಿಕೆ 2016ರಲ್ಲಿ ಸಿಕ್ಕಿತು. ಅಂಗೋಲಾದಲ್ಲಿ ಹಳದಿ ಜ್ವರ ಹಬ್ಬಿದಾಗ ಅಲ್ಲಿಂದ ಚೀನಾಕ್ಕೆ ಮರಳಿದ ಹನ್ನೊಂದು ಮಂದಿ ಅದನ್ನು ಮೈಯಲ್ಲಿ ಹೊತ್ತು ಬಂದರು. ಪುಣ್ಯಕ್ಕೆ ಅಲ್ಲಿಗೇ ನಿಂತಿತು.

ಲಸಿಕೆಯ ಸಾಲಿನಲ್ಲಿ ನನ್ನ ಹಿಂದೆ ಹುಣಸೂರು ಕಡೆಯ ಹಕ್ಕಿಪಿಕ್ಕಿ ಕುಟುಂಬವೊಂದಿತ್ತು. ಗಂಡ ಹೆಂಡತಿ ಇಬ್ಬರೂ ಕೂದಲಿಗೆ ಹಚ್ಚುವ ಎಣ್ಣೆ ಮಾರಲು ಆಫ್ರಿಕಾಕ್ಕೆ ಹೊರಟವರು. ನಾನು ಒಂದೇ ಪ್ರವಾಸಕ್ಕೆ ಇಷ್ಟು ಒದ್ದಾಡಿದರೆ ಅವರ ಸಮುದಾಯ ವರ್ಷಗಳಿಂದ ಆ ಖಂಡದ ಊರೂರು ಸುತ್ತುತ್ತಿದೆ. ಕರ್ನಾಟಕದಲ್ಲಿ ಆಫ್ರಿಕಾವನ್ನು ಕಾಲ್ನಡಿಗೆಯಲ್ಲಿ ಬಲ್ಲವರು ಯಾರು ಎಂದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ. “ಕಾರ್ಡ್ ಇಲ್ದೆ ಹೋಗಬಾರ್ದು ಸಾರ್, ಸುಡಾನ್‌ನಲ್ಲಿ ನಮ್ಮೋರು ಪಟ್ಟ ಪಾಡು ಸಾಕು” ಎಂದರು ಆ ಹೆಣ್ಣುಮಗಳು.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಯೂ ಅರೆಸೇನಾ ಪಡೆಯೂ ಕಾದಾಟಕ್ಕಿಳಿದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ದಾವಣಗೆರೆ, ಶಿವಮೊಗ್ಗ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿಗಳು ಬಹಳ ಮಂದಿ. ಬಾಡಿಗೆ ಕೋಣೆಗಳಲ್ಲಿ ನೀರು, ಊಟ ಇಲ್ಲದೆ ಕೂತರು. ಆಪರೇಷನ್ ಕಾವೇರಿ ಎಂಬ ಹೆಸರಿನಲ್ಲಿ ಭಾರತ ಸರಕಾರ ಅವರನ್ನು ಪೋರ್ಟ್ ಸುಡಾನಿನಿಂದ ಹಡಗು, ವಿಮಾನಗಳಲ್ಲಿ ಜಿದ್ದಾಕ್ಕೆ, ಅಲ್ಲಿಂದ ಊರಿಗೆ ತಂದಿತು. ಬಂದಿಳಿದ ಮೇಲೂ ಒಂದು ಬಾಗಿಲು ಉಳಿದಿತ್ತು. ಮೊದಲು ಬಂದ 1191 ಮಂದಿಯಲ್ಲಿ 117 ಮಂದಿಯನ್ನು ಹಳದಿ ಜ್ವರದ ಲಸಿಕೆ ಆಗಿಲ್ಲ ಎಂದು ಪ್ರತ್ಯೇಕವಾಗಿ ಇರಿಸಿದ್ದೇವೆ ಎಂದು ಆರೋಗ್ಯ ಸಚಿವಾಲಯ ಹೇಳಿತು. ಗುಂಡಿನ ಮಳೆ ದಾಟಿ ಬಂದವರನ್ನು ಮನೆಗೆ ಬಿಡದೆ ನಿಲ್ಲಿಸುವುದು ಎಂಥ ಕ್ರೌರ್ಯ ಎಂದು ಆಗ ಹಲವರಿಗೆ ಅನ್ನಿಸಿತ್ತು, ನನಗೂ ಅನ್ನಿಸಿತ್ತು. ಈಗ ನನ್ನ ಅಭಿಪ್ರಾಯ ಬೇರೆ. ಪ್ರತ್ಯೇಕ ಇರಿಸಿದ್ದು ಸರಿ. ತಪ್ಪಿದ್ದು ಅದಕ್ಕೂ ಬಹಳ ಹಿಂದೆ. ಅವರು ಹೊರಡುವಾಗಲೇ ಅವರ ಹಾಡಿಗಳ ಹತ್ತಿರ ಲಸಿಕೆ, ತಿಳುವಳಿಕೆ ಎರಡೂ ಸಿಗುವಂತೆ ಮಾಡಬೇಕಿತ್ತು. ಅಕ್ಷರ ಕಡಮೆ ಇರುವ ಒಂದು ಸಮುದಾಯ ಪ್ರತಿವರ್ಷ ಒಂದು ಖಂಡಕ್ಕೆ ಹೋಗಿಬರುತ್ತದೆ ಎಂದು ಗೊತ್ತಿದ್ದೂ ಲಸಿಕೆಗೆ ಅವರೇ ರಾಜಧಾನಿಗೆ ಬರಲಿ ಎಂದು ಕೂತಿರುವುದು ನ್ಯಾಯವಲ್ಲ.

ಮಲೇರಿಯಾದ ವಿಷಯಕ್ಕೆ ಬಂದರೆ ನಮ್ಮ ಕರಾವಳಿಯವರ ಧೈರ್ಯವೇ ನಮಗೆ ಶತ್ರು. ಮಂಗಳೂರು, ಉಡುಪಿಗಳಲ್ಲಿ ಮಲೇರಿಯಾ ಕಾಣದವರು ಯಾರು? ರಕ್ತ ಪರೀಕ್ಷೆ, ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್, ಮುಗಿಯಿತು. ನಮ್ಮಲ್ಲಿ ಹೆಚ್ಚಾಗಿರುವುದು ವೈವಾಕ್ಸ್. ಆಫ್ರಿಕಾದ್ದು ಬಹುಪಾಲು ಫಾಲ್ಸಿಪಾರಂ. ಅದು ಕೆಲವೇ ದಿನದಲ್ಲಿ ಮೆದುಳಿಗೆ, ಮೂತ್ರಪಿಂಡಕ್ಕೆ ಹೋಗಿ ಜೀವ ತೆಗೆಯಬಲ್ಲದು, ಕ್ಲೋರೋಕ್ವಿನ್ ಅದಕ್ಕೆ ಹೆಚ್ಚಿನ ಕಡೆ ನಾಟುವುದೇ ಇಲ್ಲ. ನಮಗೆ ಇಲ್ಲಿ ಹಿಂದೊಮ್ಮೆ ಮಲೇರಿಯಾ ಬಂದಿತ್ತು ಎಂಬುದು ಅಲ್ಲಿ ರಕ್ಷಣೆಯಾಗುವುದಿಲ್ಲ. ಕುಂದಾಪುರದ ನಮ್ಮ ವೈದ್ಯರು ನನಗೆ ಬರೆದುಕೊಟ್ಟದ್ದು ಡಾಕ್ಸಿಸೈಕ್ಲಿನ್. ಮಳೆಗಾಲದಲ್ಲಿ ಗದ್ದೆಗಿಳಿಯುವವರಿಗೆ ಇಲಿ ಜ್ವರ ಬಾರದಂತೆ ಕೊಡುವ ಅದೇ ಮಾತ್ರೆ. ವ್ಯತ್ಯಾಸವೆಂದರೆ ಇಲ್ಲಿ ವಾರಕ್ಕೊಮ್ಮೆ, ಅಲ್ಲಿಗೆ ದಿನಕ್ಕೊಂದು: ಹೊರಡುವ ಒಂದೆರಡು ದಿನ ಮೊದಲು ಶುರು, ಅಲ್ಲಿರುವಷ್ಟೂ ದಿನ, ಬಂದ ಮೇಲೆ ಮತ್ತೆ ನಾಲ್ಕು ವಾರ. ಹೊಟ್ಟೆ ತುಂಬ ಊಟ ಮಾಡಿ, ಲೋಟ ತುಂಬ ನೀರು ಕುಡಿದು ನುಂಗಬೇಕು, ಕೂಡಲೇ ಮಲಗಬಾರದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಇದು ಆಗದು. ಅಟೊವಕ್ವೋನ್–ಪ್ರೊಗುವಾನಿಲ್ ಎಂಬ ಇನ್ನೊಂದು ಜೋಡಿ ಮಾತ್ರೆಯಾದರೆ ಬಂದ ಮೇಲೆ ಒಂದು ವಾರ ಸಾಕು. ಮೆಫ್ಲೊಕ್ವಿನ್ ವಾರಕ್ಕೊಂದೇ ಆದರೂ ಕೆಲವರ ಮನಸ್ಸನ್ನು ಕೆಡಿಸುತ್ತದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಯಾವ ಮಾತ್ರೆಯೂ ಸೊಳ್ಳೆಪರದೆಯ ಬದಲಿಗಲ್ಲ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳನ್ನು ಊರಲ್ಲೇ ಮುಗಿಸಿಕೊಂಡೆ.

ನೀರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೊಳೆ, ಕೆರೆ ಕಂಡರೆ ಇಳಿಯುವುದು ನಮ್ಮ ಊರಿನವರ ಹುಟ್ಟುಗುಣ; ಸೌಪರ್ಣಿಕಾ, ವಾರಾಹಿ ದಡದಲ್ಲಿ ಬೆಳೆದವರಿಗೆ ವಿಕ್ಟೋರಿಯಾ ಸರೋವರ ಕಂಡರೆ ಕಾಲು ನಿಲ್ಲುವುದಿಲ್ಲ. ಆ ಸಿಹಿನೀರಿನ ಬಸವನಹುಳುಗಳಲ್ಲಿ ಒಂದು ಪರೋಪಜೀವಿ ಬೆಳೆಯುತ್ತದೆ. ಮಂಡಿವರೆಗೆ ನೀರಿಗಿಳಿದರೂ ಸಾಕು, ಅದು ಚರ್ಮ ಕೊರೆದು ಒಳಗೆ ಹೋಗುತ್ತದೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಎಂಟೆಬೆಯ ದಡದಲ್ಲಿ ನಾನು ಚಪ್ಪಲಿ ಕಳಚದೆ ನಿಂತೇ ನೋಡಿದೆ. ದಿಗಂತದವರೆಗೆ ನೀರು, ಮೀನುಗಾರರ ದೋಣಿಗಳು, ಬಲೆ ಬಿಚ್ಚುವ ಹೆಂಗಸರು. ಗಂಗೊಳ್ಳಿಯ ಬಂದರಿನಲ್ಲಿ ನಿಂತಂತೆಯೇ ಇತ್ತು, ಉಪ್ಪಿನ ವಾಸನೆಯೊಂದಿಲ್ಲ. ಅಲ್ಲಿ ಕಂಡ ಜನ, ಮಟೋಕೆ ಎಂಬ ಹಸಿರು ಬಾಳೆಕಾಯಿಯ ಅಡಿಗೆ, ಕೆಂಪು ಮಣ್ಣು ಎಲ್ಲದರ ಕತೆ ಬೇರೆಯೇ ಒಂದು ಬರಹಕ್ಕಿದೆ. ಸಿದ್ಧತೆ ಸರಿಯಾಗಿದ್ದುದರಿಂದ ನನ್ನ ಗಮನವೆಲ್ಲ ಅವುಗಳ ಮೇಲೆಯೇ ಇತ್ತು ಎಂಬುದಷ್ಟೇ ಇಲ್ಲಿಗೆ ಸಂಬಂಧಿಸಿದ ಮಾತು.

ಬರುವಾಗ ಮುಂಬೈಯಲ್ಲಿ ವಲಸೆ ಕೌಂಟರಿಗಿಂತ ಮೊದಲೇ ಆರೋಗ್ಯ ಅಧಿಕಾರಿಯ ಮೇಜು. ಹಳದಿ ಕಾರ್ಡು ತೆರೆದು, ಪಾಸ್‌ಪೋರ್ಟಿನ ನಂಬರಿಗೆ ತಾಳೆ ನೋಡಿ ಬಿಟ್ಟರು. ಕಾರ್ಡು ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ವಾಸ. ಆ ವೈರಸ್ ಮೈಯೊಳಗೆ ಬಲಿಯುವುದಕ್ಕೆ ಬೇಕಾದಷ್ಟು ಕಾಲ ಅದು. ಊರಿಗೆ ಬಂದ ಮೇಲಿನ ಎಚ್ಚರವನ್ನು ನಾವೇ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಕುಂದಾಪುರದಲ್ಲಿ ಜ್ವರ ಎಂದು ಹೋದರೆ ವೈದ್ಯರು ಡೆಂಗಿ, ಇಲಿ ಜ್ವರ ಎಂದು ಯೋಚಿಸುವುದು ಸಹಜ. ಆಫ್ರಿಕಾದಿಂದ ಬಂದು ಮೂರು ತಿಂಗಳೊಳಗೆ ಜ್ವರ ಬಂದರೆ, ಮಾತ್ರೆ ತಪ್ಪದೆ ತಿಂದಿದ್ದರೂ, ಚೀಟಿ ಬರೆಸುವಾಗಲೇ ಎಲ್ಲಿಗೆ ಹೋಗಿದ್ದೆ ಎಂದು ಹೇಳಿ ಅದೇ ದಿನ ಮಲೇರಿಯಾದ ರಕ್ತ ಪರೀಕ್ಷೆ ಮಾಡಿಸಬೇಕು. ಇದನ್ನು ಹೇಳದೆ ಹೋದುದರಿಂದ ಹೋಗಬಾರದ ಜೀವಗಳು ಹೋಗುತ್ತವೆ. ಮನೆಯವರಿಗೂ ಇದು ಗೊತ್ತಿರಬೇಕು, ಜ್ವರ ತಲೆಗೇರಿದವನು ತಾನೇ ಹೇಳುವ ಸ್ಥಿತಿಯಲ್ಲಿರುವುದಿಲ್ಲ.

ಮೊನ್ನೆ ಶಿರೂರಿನ ಹುಡುಗನೊಬ್ಬ ಬಂದಿದ್ದ. ತಾಂಜಾನಿಯಾದಲ್ಲಿ ಕೆಲಸ ಸಿಕ್ಕಿದೆ, ಏಜೆಂಟರು ಎಲ್ಲ ನೋಡಿಕೊಳ್ಳುತ್ತಾರೆ ಎಂದ. ವೀಸಾ ಪ್ರವಾಸಿಯದೋ ಕೆಲಸದ್ದೋ ಎಂದು ಕೇಳಿದೆ, ಗೊತ್ತಿರಲಿಲ್ಲ. ಅದನ್ನು ತಿಳಿಯದೆ ಹೊರಡಬೇಡ ಎಂದೆ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಹೋದವನಿಗೆ ಮರಳುವಾಗ ದಂಡ, ಜೈಲು ಎರಡೂ ಕಾದಿರುತ್ತವೆ. ದಾರಿಯಲ್ಲಿ ನೈರೋಬಿಯಲ್ಲೋ ಅಡಿಸ್ ಅಬಾಬಾದಲ್ಲೋ ಬಹಳ ಹೊತ್ತು ಇಳಿದಿರಬೇಕಾದರೆ ಹಳದಿ ಕಾರ್ಡು ಕೇಳುತ್ತಾರೆ, ಆದ್ದರಿಂದ ಟಿಕೆಟ್ಟಿನ ದಾರಿ ನೋಡಿ ಹಾಕಿಸಿಕೊ. ಹೋದ ಕೂಡಲೇ ಅಲ್ಲಿನ ಭಾರತೀಯ ಹೈಕಮಿಷನ್ನಿನಲ್ಲಿ ಹೆಸರು ಬರೆಸು. ಪಾಸ್‌ಪೋರ್ಟನ್ನು ಮಾಲೀಕನ ಕೈಗೆ ಒಪ್ಪಿಸಬೇಡ, ಅದರ ಪ್ರತಿಯೊಂದು ಅಮ್ಮನ ಹತ್ತಿರ ಇರಲಿ. ಪಾಸ್‌ಪೋರ್ಟು ಕಳೆದರೂ ಆ ಪ್ರತಿ ತೋರಿಸಿದರೆ ಊರಿಗೆ ಬರುವಷ್ಟಕ್ಕೆ ಒಂದು ತುರ್ತು ಪ್ರಮಾಣಪತ್ರ ಮಾಡಿಕೊಡುವುದು ಹೈಕಮಿಷನ್ನಿನವರಿಗೆ ಸುಲಭವಾಗುತ್ತದೆ. ಎಲ್ಲ ಕೇಳಿ ಅವನು, “ಮಾತ್ರೆ ಬಂದ್ ಮೇಲೂ ತಿನ್ಕಾ?” ಎಂದ. ರಜೆಗೆ ಬಂದರೂ ಸರಿ, ಕೆಲಸ ಬಿಟ್ಟು ಬಂದರೂ ಸರಿ, ವೈದ್ಯರು ಹೇಳಿದಷ್ಟು ದಿನ ತಿನ್ಕ್ ಎಂದೆ. ಜೊತೆಗೆ ಬಂದಿದ್ದ ತಾಯಿಯನ್ನು ಕರೆದು ಅದೊಂದನ್ನು ಅವರಿಗೂ ಹೇಳಿಸಿದ. ನೆನಪಿಟ್ಟುಕೊಂಡು ಕೊಡುವವರು ಅವರೇ ಅಂತೆ.